ಆರು ಅಂಕಿಯ ತಾರೀಕು

ಕನಕರಾಯ ತಿದ್ದಿದ್ದು ಒಂದೇ ಒಂದು ಸಾಲು. ಅವನು ಕೆಲಸಕ್ಕಿದ್ದ ಮಾನ್ವಿಯ ಅಕ್ಕಿ ಗಿರಣಿಯ ಕಂಪ್ಯೂಟರಿನಲ್ಲಿ ಇಪ್ಪತ್ತೈದು ವರ್ಷಗಳ ಹಿಂದೆ ಯಾರೋ ಕೋಬಾಲ್ ಭಾಷೆಯಲ್ಲಿ ಬರೆದಿಟ್ಟ ಪ್ರೋಗ್ರಾಂ ಇತ್ತು. ಅದು ತಾರೀಕಿನ ಆರು ಅಂಕಿಗಳಲ್ಲಿ ತಿಂಗಳನ್ನು ಮೊದಲು ಓದುತ್ತಿತ್ತು. ನಮ್ಮ ರೂಢಿಯಂತೆ ದಿನವೇ ಮೊದಲಿರಲಿ ಎಂದು ಅವನು ಅದಲುಬದಲು ಮಾಡಿದ.

ಮರುದಿನ, ಏಪ್ರಿಲ್ ಒಂಬತ್ತರ ಬೆಳಿಗ್ಗೆ, ಪ್ರಿಂಟರು ಒಂದು ಕಾಗದ ಉಗುಳಿತು: ‘ಅಮರಮ್ಮ, ತೂಕದ ವಿಭಾಗ. ಅರವತ್ತು ತುಂಬಿದ್ದರಿಂದ ಇಂದೇ ನಿವೃತ್ತಿ.’

ಅದು ಮೊದಲು ಬಿದ್ದದ್ದು ಗುಮಾಸ್ತ ಹನುಮೇಶನ ಕಣ್ಣಿಗೆ. ಸುದ್ದಿ ಹೊಟ್ಟಿನ ರಾಶಿಗೆ ಬಿದ್ದ ಕಿಡಿಯಂತೆ ಹಬ್ಬಿತು. ಚಹಾ ಬರುವಷ್ಟರಲ್ಲಿ ಹಾರ ಬಂತು, ಇಬ್ಬರು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು.

“ಯಾರಿಗೆ ಹಾರ ಹಾಕ್ತೀಯೋ ಮೂಳಾ? ನನಗ ಅರವತ್ತಾಗಾಕ ಇನ್ನೂ ಐದು ತಿಂಗಳು ಅದ!” ಎಂದು ಅಮರಮ್ಮ ಗುಡುಗಿದಳು.

“ಕಂಪ್ಯೂಟರ್ ಸುಳ್ಳು ಹೇಳಂಗಿಲ್ಲಮ್ಮ,” ಎಂದರು ಗಿರಣಿಯ ಸಾಹುಕಾರ ಅಯ್ಯಪ್ಪ.

ಕನಕರಾಯ ಮುಂದೆ ಬಂದ. “ತಪ್ಪು ನಂದ್ರೀ ಸಾವ್ಕಾರ್ರ. ಆಕಿ ಹುಟ್ಟಿದ್ದು ಸೆಪ್ಟೆಂಬರ್ ನಾಕಕ್ಕ.”

“ದಾಖಲಿ ತಂದು ತೋರ್ಸು.”

ಅಮರಮ್ಮ ಓದಿದ ಶಾಲೆ ಹಿರೇಕೊಟ್ನೆಕಲ್‌ನಲ್ಲಿತ್ತು. ಬಿರುಬಿಸಿಲಲ್ಲಿ ಕನಕರಾಯ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ದಾರಿಯಲ್ಲಿ ಅವಳ ದನಿ ತಗ್ಗಿತ್ತು.

“ಮೂವತ್ತು ವರ್ಷ ಎಲ್ಲಾರ ಚೀಲಾ ತೂಗೀನಪ್ಪಾ. ನಾಳಿಂದ ಮನ್ಯಾಗ ಒಬ್ಬಾಕಿ ಕುಂತ್ರ ನನ್ನ ಮಾತಾಡ್ಸಾಕ ಯಾರು ಬರ್ತಾರ?”

ಒಂದು ಸಾಲು ತಿದ್ದುವಾಗ ಅದರೊಳಗೆ ಇಂಥದ್ದೊಂದು ಜೀವ ಕೂತಿರಬಹುದೆಂದು ಅವನು ಎಣಿಸಿಯೇ ಇರಲಿಲ್ಲ.

ಮುಖ್ಯೋಪಾಧ್ಯಾಯಿನಿ ಅನುರಾಧಾ ಗೆದ್ದಲು ಅರ್ಧ ತಿಂದ ದಾಖಲೆ ಪುಸ್ತಕವನ್ನು ಉಸಿರು ಬಿಗಿಹಿಡಿದು ತೆರೆದರು. ಪುಣ್ಯಕ್ಕೆ ಆ ಪುಟ ಉಳಿದಿತ್ತು. ಸೆಪ್ಟೆಂಬರ್ ನಾಲ್ಕು, ಅಕ್ಷರದಲ್ಲೇ ಬರೆದಿತ್ತು.

ಮಧ್ಯಾಹ್ನ ಗಿರಣಿಯಲ್ಲಿ ಎಲ್ಲರೆದುರು ಕನಕರಾಯ ವಕೀಲನಂತೆ ವಾದಿಸಿದ. “ಆಕಿ ತಾರೀಕು ಸೊನ್ನಿ ಒಂಬತ್ತು, ಸೊನ್ನಿ ನಾಕು. ಈ ಮಷಿನ್ನಿನಾಗ ಮೊದಲು ಬರೋದು ಯಾವಾಗ್ಲೂ ತಿಂಗಳು ರೀ, ಆಮ್ಯಾಲ ದಿನ!”

ಸಾಹುಕಾರರು ಒಪ್ಪಿದರು. ಅವನು ಸಾಲನ್ನು ಮೊದಲಿನಂತೆ ಮಾಡಿದ. ಅಮರಮ್ಮ ಸೆರಗು ಬಿಗಿದು ಚೀಲಗಳತ್ತ ನಡೆದಳು.

ಅಷ್ಟರಲ್ಲಿ ಪ್ರಿಂಟರು ಮತ್ತೆ ಗುರುಗುಟ್ಟಿತು: ‘ಕನಕರಾಯ, ಕಂಪ್ಯೂಟರ್ ವಿಭಾಗ. ಕೆಲಸದ ಕರಾರು ನಾಳೆ ಮುಕ್ತಾಯ.’

“ಅದು ಏಪ್ರಿಲ್ ಹತ್ತಲ್ರೀ, ಅಕ್ಟೋಬರ್ ನಾಕು! ಕೆಲಸಕ್ಕ ಸೇರಿದಾಗ ನನ್ನ ತಾರೀಕು ನಾನಽ ದಿನ ಮೊದಲು, ತಿಂಗಳು ಆಮ್ಯಾಲ ಬರ್ದು ಹಾಕೀನಿ!” ಎಂದ ಕನಕರಾಯ.

ಅಯ್ಯಪ್ಪ ಕನ್ನಡಕ ತೆಗೆದರು. “ಒಂದಽ ಮಷಿನ್ನಿಗೆ ಎರಡು ನಾಲಿಗಿ ಇರ್ತಾವೇನೋ? ಈಗಷ್ಟಽ ಊರ ಮುಂದ ವಾದಾ ಮಾಡ್ದಿ. ಒಂದು ಹೇಳು. ತಿಂಗಳು ಮೊದಲಾ, ದಿನ ಮೊದಲಾ?”

ಹೊರಗೆ ಅಮರಮ್ಮ ಯಾವನೋ ಲಾರಿಯವನಿಗೆ, “ಚೀಲಾ ನೆಟ್ಟಗ ಇಡೋ,” ಎಂದು ಜೋರು ಮಾಡುತ್ತಿದ್ದಳು. ಅವನು ನಗುತ್ತಿದ್ದ, ಅವಳೂ ನಗುತ್ತಿದ್ದಳು.

ಕನಕರಾಯ ಅವಳತ್ತ ಒಮ್ಮೆ ನೋಡಿದ.

“ತಿಂಗಳು ಮೊದಲು ರೀ,” ಎಂದ.

ಸಾಹುಕಾರರು ಕಾಗದಕ್ಕೆ ಸಹಿ ಹಾಕಿದರು.