ಐನೂರೈವತ್ತು ವ್ಯಾಟ್ ಸಾಕು

ಕಂಪ್ಯೂಟರಿಗೆ ವಿದ್ಯುತ್ತು ಹಂಚುವ ಪವರ್ ಸಪ್ಲೈಯನ್ನು ನಾನೇ ಆರಿಸುತ್ತೇನೆ, ಯಾರ ಸಲಹೆಯೂ ಬೇಕಿಲ್ಲ ಎಂದು ಊಟದ ಮೇಜಿನಲ್ಲಿ ಘೋಷಿಸಿದೆ. ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಮಾಡಿದವಳು, ಪಿಎಚ್.ಡಿ. ಪ್ರಬಂಧದಲ್ಲಿ ಒಂದು ದಶಮಾಂಶವನ್ನೂ ತಿದ್ದಿಸಿಕೊಳ್ಳದವಳು, ಒಂದು ತಗಡಿನ ಡಬ್ಬಿಗಾಗಿ ಅಂಗಡಿಯವರ ಮುಂದೆ ಕೈಕಟ್ಟಿ ನಿಲ್ಲುವುದೆ? ಛೆ!

ಕಂಪ್ಯೂಟರು ನನ್ನದಲ್ಲ, ನಮ್ಮವರದು. ಅವರು ರೈಲು ಎಂಜಿನ್ ಡ್ರೈವರಾಗಿ ನಿವೃತ್ತರಾದವರು. ಆಯುಷ್ಯವಿಡೀ ಹಳಿ ತೋರಿಸಿದ ಕಡೆಗೆ ಹೋದ ಮನುಷ್ಯನಿಗೆ ಎಪ್ಪತ್ತೊಂದರಲ್ಲಿ ಸ್ಟಿಯರಿಂಗ್ ತಿರುಗಿಸುವ ಹುಚ್ಚು ಹತ್ತಿತು. ಕಂಪ್ಯೂಟರಿನೊಳಗಿನ ಕಾರ್ ರೇಸು. ಮುಖ ನೋಡದ ಮೂವರ ಜೊತೆ ಒಂದು ತಂಡ: ಒಬ್ಬಾಕೆ ನರ್ಸು, ಅವಳೇ ಕ್ಯಾಪ್ಟನ್, ಇನ್ನೊಬ್ಬ ಬೇಕರಿಯವನು, ಮತ್ತೊಬ್ಬ ಕ್ರೇನ್ ಓಡಿಸುವವನು. ತಿರುವು ಕಣ್ಣಿಗೆ ಬೀಳುವ ಮೊದಲೇ ಬ್ರೇಕ್ ಒತ್ತುವ ನಮ್ಮವರಿಗೆ ಅಲ್ಲಿ ‘ಬ್ರೇಕ್ ತಾತ’ ಎಂದು ಹೆಸರು. ಐದು ವರ್ಷದಿಂದ ಕೆಳದರ್ಜೆಯಲ್ಲೇ ಬಿದ್ದಿದ್ದ ತಂಡ, ಈ ಸಲದ ಕೊನೆಯ ರೇಸಿನಲ್ಲಿ ಮೊದಲ ಮೂರರೊಳಗೆ ಬಂದರೆ ಮೇಲಿನ ದರ್ಜೆಗೆ ಏರುತ್ತಿತ್ತು. ನಮ್ಮವರು ಆ ಭಾನುವಾರವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಸುತ್ತುಹಾಕಿದ್ದರು. ನಮ್ಮ ಮದುವೆಯ ದಿನಕ್ಕೆ ಇವತ್ತಿನವರೆಗೆ ಪೆನ್ಸಿಲ್ ಕೂಡ ತಾಗಿಸಿದವರಲ್ಲ. ಹಳೆಯ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಹೊಸದನ್ನು ಬಿಡಿಭಾಗ ತಂದು ಜೋಡಿಸುವುದೆಂದಾಯಿತು.

ಪ್ರತಿ ಭಾಗಕ್ಕೂ ಎಷ್ಟು ವಿದ್ಯುತ್ತು ಬೇಕೆಂದು ಬರೆದು ಕೂಡಿಸಿದೆ. ಪರದೆಗೆ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಮುನ್ನೂರಿಪ್ಪತ್ತು ವ್ಯಾಟ್, ಪ್ರೊಸೆಸರಿಗೆ ನೂರಿಪ್ಪತ್ತೈದು, ಮಿಕ್ಕ ಚಿಲ್ಲರೆಗೆಲ್ಲ ಅರವತ್ತೇಳು. ಒಟ್ಟು ಐನೂರ ಹನ್ನೆರಡು. ಐನೂರೈವತ್ತರ ಡಬ್ಬಿ ಧಾರಾಳವಾಯಿತು; ಉಳಿದ ಮೂವತ್ತೆಂಟು ನೆಂಟರಿಷ್ಟರಿಗೆ.

ಅಂಗಡಿಯಾಕೆಗೆ ಮೂವತ್ತರ ಆಸುಪಾಸು. ಬೆರಳ ತುದಿಗಳಲ್ಲಿ ಬೆಸುಗೆಯ ಸುಟ್ಟ ಕಲೆಗಳು. ನನ್ನ ಚೀಟಿಯನ್ನು ಓದಿ, ಎಂಟುನೂರೈವತ್ತು ವ್ಯಾಟಿನದನ್ನು ಕಪಾಟಿನಿಂದ ಇಳಿಸಿದಳು.

"ಇದನ್ನ ತಗೊಳ್ಳಿ ಮೇಡಂ. ಈ ಕಾರ್ಡು ಒಮ್ಮೊಮ್ಮೆ ಎಗರುತ್ತೆ."

"ಎಗರುತ್ತೆ ಅಂದ್ರೆ ಎಷ್ಟು? ಲೆಕ್ಕ ಇದೆಯೇನಮ್ಮ?"

"ಲೆಕ್ಕ ಗೊತ್ತಿಲ್ಲ. ಎಗರಿದ್ದು ನೋಡಿದೀನಿ."

ನೋಡುವುದಕ್ಕೂ ಅಳೆಯುವುದಕ್ಕೂ ಇರುವ ಅಂತರದ ಬಗ್ಗೆ ಅವಳಿಗೆ ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ನನ್ನ ಹಿಂದೆ ನಿಂತಿದ್ದ ಗಿರಾಕಿಗಳಲ್ಲಿ ಇಬ್ಬರು ಹೊರಟುಹೋದರು. ಅವಳು ದೊಡ್ಡದನ್ನು ಕಪಾಟಿಗೆ ಏರಿಸಿ, ಐನೂರೈವತ್ತರದನ್ನು ಕಟ್ಟಿಕೊಟ್ಟಳು. ಅದನ್ನು ನನ್ನ ಗೆಲುವೆಂದು ತಿಳಿದೆ. ನಮ್ಮವರು ಪಕ್ಕದಲ್ಲಿ ನಿಂತು ಸೀಲಿಂಗ್ ಫ್ಯಾನನ್ನು ನೋಡುತ್ತಿದ್ದರು.

ರೇಸಿಗೆ ಮೂರು ವಾರ ಇರುವಾಗ ಅಭ್ಯಾಸ ಶುರುವಾಯಿತು. ಮೂರನೆಯ ತಿರುವಿನಲ್ಲಿ ಪರದೆ ಕಪ್ಪಾಯಿತು. ಕಂಪ್ಯೂಟರು ಸತ್ತಿತ್ತು. ಪೆಡಲ್ ತುಳಿಯುವ ಭರದಲ್ಲಿ ಕಾಲಿನಿಂದ ವೈರು ಎಳೆದಿರಿ ಎಂದು ನಮ್ಮವರನ್ನು ಗದರಿದೆ. ಅವರು ಮಾರನೆಯ ದಿನ ಎರಡೂ ಕಾಲನ್ನು ಪರೀಕ್ಷೆಗೆ ಕೂತ ಹುಡುಗನ ಹಾಗೆ ಜೋಡಿಸಿಕೊಂಡು ಓಡಿಸಿದರು. ಮತ್ತೆ ಕಪ್ಪು. ಗೋಡೆಯ ಸಾಕೆಟ್ಟೇ ಸರಿಯಿಲ್ಲವೆಂದು ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ಮೂರು ಬಾರಿ ಪರೀಕ್ಷಿಸಿ, ಗೋಡೆಯಲ್ಲಿ ದೋಷವಿಲ್ಲ ಎಂದು ಗೋಡೆಯನ್ನು ಬಿಟ್ಟು ನನ್ನನ್ನೇ ನೋಡುತ್ತ ಹೇಳಿದ. ಆದರೂ ಬದಲಾಯಿಸಿದೆ. ಆಮೇಲೆ ಸೆಕೆಯ ಮೇಲೆ ಗೂಬೆ ಕೂರಿಸಿ, ಮೇಜಿನ ಫ್ಯಾನು ತಂದಿಟ್ಟೆ. ತಲೆಯಲ್ಲಿ ಉಳಿದ ನಾಲ್ಕು ಕೂದಲು ಹಾರುತ್ತ, ನಮ್ಮವರು ನಿಜವಾಗಿಯೂ ನೂರರ ವೇಗದಲ್ಲಿ ಹೋಗುತ್ತಿರುವಂತೆ ಕಂಡರು. ನಾಲ್ಕೇ ನಿಮಿಷ. ಮತ್ತೆ ಕಪ್ಪು.

ಒಂಬತ್ತನೆಯ ದಿನ ಪಾತ್ರೆ ತೊಳೆಯುವಾಗ ನನಗೆ ಬೆಳಕಾಯಿತು. ಕೈಯಲ್ಲಿದ್ದ ಲೋಟ ಜಾರಿತು.

ಸರಾಸರಿ ಬೇರೆ, ಗರಿಷ್ಠ ಬೇರೆ. ಸರಾಸರಿ ಎರಡಡಿ ಆಳದ ಹೊಳೆಯಲ್ಲೂ ಜನ ಮುಳುಗಿ ಸಾಯುತ್ತಾರೆ ಎಂದು ಪ್ರತಿ ವರ್ಷ ತರಗತಿಯಲ್ಲಿ ಹೇಳಿದವಳು ನಾನು. ಆ ವ್ಯತ್ಯಾಸ ಬರೆಯದವರ ಅಂಕಗಳನ್ನು ನಿರ್ದಯವಾಗಿ ಕತ್ತರಿಸಿದವಳೂ ನಾನೇ. ಕಾರ್ಡಿನ ಮುನ್ನೂರಿಪ್ಪತ್ತು ಎಂಬುದು ಸರಾಸರಿ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲದ ಕ್ಷಣಗಳಲ್ಲಿ ಅದು ಸುಮಾರು ಎರಡು ಪಟ್ಟು ಎಳೆಯುತ್ತದೆ. ನಾನು ಆರಿಸಿದ ಡಬ್ಬಿ ಆಗ ಬೆದರಿ, ಜೀವ ಉಳಿಸಿಕೊಳ್ಳಲು ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ. ಮೇಷ್ಟರಿಗಿಂತ ಪಾಠ ಡಬ್ಬಿಗೇ ಚೆನ್ನಾಗಿ ಗೊತ್ತಿತ್ತು. ಅಂಗಡಿಯಾಕೆ ಹೇಳಿದ್ದೂ ಇದನ್ನೇ, ಒಂದೇ ಕ್ರಿಯಾಪದದಲ್ಲಿ.

ಆ ಸಂಜೆಯೇ ಹೇಳಬಹುದಿತ್ತು. ನಡುಮನೆಗೆ ಹೋಗಿ, "ರೀ" ಎಂದು ಕರೆದೂ ಕರೆದೆ. ಅವರು ತಲೆಯೆತ್ತಿದರು. "ಕಾಫಿ ಬೇಕಾ?" ಎಂದು ಕೇಳಿ ವಾಪಸು ಬಂದೆ. ತಪ್ಪು ಮಾಡಿದ್ದಕ್ಕೆ ನನಗೆ ನಾಚಿಕೆಯಿಲ್ಲ. ತಪ್ಪು ಎಲ್ಲರೂ ಮಾಡುತ್ತಾರೆ. ಆ ಕಾಫಿಯ ಬಗ್ಗೆ ಇಂದಿಗೂ ನಾಚಿಕೆಯಿದೆ.

ಹೇಳುವ ಬದಲು ಉಪಾಯ ಹೂಡಿದೆ. ಕಾರ್ಡಿನ ದುಡಿಮೆ ತಗ್ಗಿಸಲು ಆಟದೊಳಗಿನ ಅಲಂಕಾರಗಳನ್ನು ಒಂದೊಂದಾಗಿ ಕಿತ್ತುಹಾಕಿದೆ. ಮೊದಲು ಮರಗಳು ಹೋದವು, ಆಮೇಲೆ ನೆರಳುಗಳು, ಆಮೇಲೆ ಚಪ್ಪಾಳೆ ತಟ್ಟುವ ಪ್ರೇಕ್ಷಕರು.

"ಯಾರೂ ಇಲ್ವಲ್ಲೇ. ಸ್ಮಶಾನದಲ್ಲಿ ಓಡಿಸಿದ ಹಾಗಿದೆ" ಎಂದರು ನಮ್ಮವರು.

"ಏಕಾಗ್ರತೆಗೆ ಒಳ್ಳೇದು."

ನಿಜಕ್ಕೂ ಕಂಪ್ಯೂಟರು ತಡೆದುಕೊಂಡಿತು. ದಿನಕ್ಕೊಮ್ಮೆ ಸಾಯುತ್ತಿದ್ದುದು ಎರಡು ದಿನಕ್ಕೊಮ್ಮೆಗೆ ಇಳಿಯಿತು. ನಾನು ಕಾವಲು ಕೂತೆ. ಮೊದಲ ಸಲ ಅದು ಸತ್ತ ದಿನದಿಂದಲೇ ಬೆಳಗಿನ ನಡಿಗೆಯನ್ನೂ ಗ್ರಂಥಾಲಯವನ್ನೂ ಬಿಟ್ಟಿದ್ದೆ. ಈಗ ನಿವೃತ್ತ ಅಧ್ಯಾಪಕರ ತಿಂಗಳ ಸಭೆಯನ್ನೂ ಬಿಟ್ಟೆ. ಸ್ವಲ್ಪ ಹೊರಗೆ ಹೋಗಿ ಬಾ, ತಂಗಿಯ ಮನೆಗಾದರೂ ಹೋಗು ಎಂದು ನಮ್ಮವರು ದಿನಾ ಹೇಳಿದರು. ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿಕೊಳ್ಳುತ್ತ, ನಿಮ್ಮನ್ನು ಇಂಥ ಹೊತ್ತಿನಲ್ಲಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ ಎಂದೆ. ಅವರು ನಿಟ್ಟುಸಿರು ಬಿಟ್ಟರು. ಪ್ರೀತಿಗೆ ಬಿಟ್ಟ ನಿಟ್ಟುಸಿರು ಅಂದುಕೊಂಡೆ.

ಭಾನುವಾರ ಮಧ್ಯಾಹ್ನ, ನಾಲ್ಕು ಗಂಟೆಗಳ ರೇಸು, ತಲೆಗೊಂದು ಗಂಟೆ. ಉಳಿದ ಮೂವರು ಮುಗಿಸುವಾಗ ತಂಡ ನಾಲ್ಕನೆಯ ಸ್ಥಾನದಲ್ಲಿತ್ತು. ಕೊನೆಯ ಪಾಳಿ ನಮ್ಮವರದು. ಮಲಗುವ ಕೋಣೆಯಲ್ಲಿ, ಮಂಚಕ್ಕೂ ಮೇಜಿಗೂ ನಡುವೆ ಕುರ್ಚಿ ಹಾಕಿಕೊಂಡು, ಎಂಜಿನ್ನಿನಲ್ಲಿ ಕೂರುತ್ತಿದ್ದ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತರು. ಉಳಿದವರೆಲ್ಲ ಆತುರದಲ್ಲಿ ತಿರುವು ತಪ್ಪಿದರು. ಬ್ರೇಕ್ ತಾತ ತಪ್ಪಲಿಲ್ಲ. ಮೂರನೆಯವರಾದರು. ಎರಡನೆಯವರಾದರು. ಎರಡೇ ಸುತ್ತು ಬಾಕಿ.

ಆಗ ಆಟದ ಆಕಾಶದಲ್ಲಿ ಮೋಡ ಕವಿಯಿತು. ಮರ ಕಡಿಸಿದ್ದೆ, ಜನರನ್ನು ಓಡಿಸಿದ್ದೆ. ಮಳೆ ನಿಲ್ಲಿಸುವ ಗುಂಡಿ ಮಾತ್ರ ರೇಸು ನಡೆಸುವವರ ಕೈಯಲ್ಲಿತ್ತು. ಗಾಜಿನ ಮೇಲೆ ಹನಿ, ರಸ್ತೆಯ ಮೇಲೆ ಹೊಳಪು, ಪ್ರತಿ ಚಕ್ರದ ಹಿಂದೆ ತುಂತುರು. ಕಾರ್ಡು ಎಗರಿತು.

ಕಪ್ಪು.

ನಮ್ಮವರ ಕೈ ಇನ್ನೂ ಸ್ಟಿಯರಿಂಗನ್ನು ನಿಧಾನವಾಗಿ ಎಡಕ್ಕೆ ತಿರುಗಿಸುತ್ತಿತ್ತು. ಆ ತಿರುವು ಮುಗಿಸಿಯೇ ಕೈ ತೆಗೆದರು. ಫೋನು ಬಡಿದುಕೊಂಡಿತು. ತಂಡದ ಮೂವರೂ ಒಟ್ಟಿಗೆ ಕರೆ ಮಾಡಿದ್ದರು; ಸ್ಪೀಕರಿನಲ್ಲಿ ನರ್ಸು ಏನಾಯಿತೆಂದು ಕೇಳಿದಳು.

"ಕರೆಂಟು ಹೋಯ್ತು ಕಣಮ್ಮ" ಎಂದರು ನಮ್ಮವರು.

ನೆತ್ತಿಯ ಮೇಲೆ ದೀಪ ಉರಿಯುತ್ತಿತ್ತು. ನಾನು ತಂದಿಟ್ಟ ಫ್ಯಾನು ಗರಗರ ತಿರುಗುತ್ತಿತ್ತು. ಮೂವತ್ತಾರು ವರ್ಷದ ಸೇವೆಯಲ್ಲಿ ರೈಲು ತಡವಾಗಿದ್ದಕ್ಕೆ ಒಂದೇ ಒಂದು ಸುಳ್ಳು ಕಾರಣ ಬರೆಯದ ಮನುಷ್ಯ ನನಗೋಸ್ಕರ ಮೊದಲ ಸುಳ್ಳು ಹೇಳಿದ್ದರು. ನಾನು ಫೋನು ಕಿತ್ತುಕೊಂಡೆ.

"ಕರೆಂಟು ಹೋಗಿಲ್ಲ. ಪವರ್ ಸಪ್ಲೈ ಸಾಲದು. ಆರಿಸಿದವಳು ನಾನು. ಸಾಲದು ಅಂತ ಹನ್ನೆರಡು ದಿನದಿಂದ ನಂಗೆ ಗೊತ್ತು. ಹೇಳಲಿಲ್ಲ. ನಿಮ್ಮೆಲ್ಲರ ಕ್ಷಮೆ ಕೇಳ್ತೀನಿ."

ನರ್ಸು, ಜ್ವರದವರೊಡನೆ ಮಾತಾಡುವ ಮೆತ್ತಗಿನ ದನಿಯಲ್ಲಿ ಹೇಳಿದಳು:

"ನಮಗೆ ಇಪ್ಪತ್ತು ದಿನದಿಂದ ಗೊತ್ತು ಅಮ್ಮ. ಅಂಗಡಿಯವರು ಆಗಲೇ ತಾತಂಗೆ ಫೋನ್ ಮಾಡಿದ್ರು. ತಾತ ದೊಡ್ಡದು ತಂದು ಮಂಚದ ಕೆಳಗೆ ಇಟ್ಟಿದಾರೆ. ನೀವು ಒಂದೇ ಒಂದು ಗಂಟೆ ಮನೆಯಿಂದ ಆಚೆ ಹೋದ್ರೆ ಬದಲಾಯಿಸಿಬಿಡೋಣ ಅಂತ ನಾಲ್ಕೂ ಜನ ಕಾಯ್ತಿದ್ವಿ. ನೀವು ಹೋಗಲೇ ಇಲ್ಲ."

"ನನ್ನೆದುರಿಗೇ ಬದಲಾಯಿಸಬಹುದಿತ್ತಲ್ಲ?"

ಫೋನಿನಲ್ಲಿದ್ದ ಮೂವರನ್ನು ಹೀಗೆ ಕೇಳಿ, ಕೋಣೆಯಲ್ಲಿದ್ದ ನಾಲ್ಕನೆಯವರನ್ನು ನೋಡಿದೆ. ಅವರು ಗೋಡೆಯನ್ನೇ ನೋಡುತ್ತ, ಒಂದು ಕಾಲಿನಿಂದ ಏನನ್ನೋ ಮಂಚದ ಕೆಳಗೆ ಇನ್ನಷ್ಟು ಒಳಕ್ಕೆ ತಳ್ಳುತ್ತಿದ್ದರು.