ಇಲ್ಲದ ಫೆರೆಟ್ಟಿನ ಪತ್ತೆ

ನೆಲದೊಳಗೆ ಹೋದದ್ದನ್ನು ಹುಡುಕುವ ಯಂತ್ರ ಮಾಡೋದು ನನ್ನ ಕೆಲಸ. ಫಜೀತಿಗಳು ಮಾತ್ರ ಯಾವ ಯಂತ್ರವೂ ಇಲ್ಲದೆ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನನ್ನ ಯಂತ್ರದ ತಪ್ಪಂತೂ ಖಂಡಿತಾ ಇಲ್ಲ.

೧. ಏನು ಕೆಲಸ?

ಹುಬ್ಬಳ್ಳಿಯಿಂದ ಅತ್ತೆ ಅಮೆರಿಕದ ಫ್ರೀಮಾಂಟಿನ ನಮ್ಮ ಮನೆಗೆ ಬಂದ ಮೊದಲ ವಾರವೇ ಕೇಳಿದರು. "ಮಗಾ ಲ್ಯಾಬಿನಾಗ ಔಷಧ ಮಾಡ್ತಾನ, ತಿಳೀತು. ನೀ ಏನ್ ಮಾಡ್ತೀ?"

ವಿವರಿಸಿದೆ. ಫೆರೆಟ್ ಅಂತ ಒಂದು ಪ್ರಾಣಿ. ನಮ್ಮ ಮುಂಗುಸಿ ಥರ ಉದ್ದಕ್ಕೆ, ಅದಕ್ಕಿಂತ ಸಣ್ಣದು. ಇಂಗ್ಲೆಂಡಿನಲ್ಲಿ ಹೊಲ ಹಾಳು ಮಾಡುವ ಮೊಲಗಳನ್ನು ಹಿಡಿಯೋಕೆ ಅದನ್ನು ಬಿಲದೊಳಗೆ ಬಿಡ್ತಾರೆ. ಮೊಲ ಹೆದರಿ ಹೊರಗೆ ಓಡಿಬಂದು ಬಲೆಗೆ ಬೀಳುತ್ತೆ. ಒಂದೊಂದು ಸಲ ಫೆರೆಟ್ಟೇ ಒಳಗೆ ಕೂತುಬಿಡುತ್ತೆ, ಕರೆದರೂ ಬರಲ್ಲ. ಅದಕ್ಕೇ ಕೊರಳಪಟ್ಟಿಗೆ ಒಂದು ಪುಟ್ಟ ಟ್ರಾನ್ಸ್‌ಮಿಟರ್. ಮೇಲೆ ನಿಂತವರ ಕೈಯಲ್ಲಿ ರಿಸೀವರ್. ಅದು ಟಿಕ್ ಟಿಕ್ ಅಂತ ಜಾಗ ತೋರಿಸಿ, ಎಷ್ಟು ಅಡಿ ಆಳ ಅಂತಲೂ ಹೇಳುತ್ತೆ. ಅಲ್ಲಿ ಅಗೆದು ತೆಗೆಯೋದು.

"ಆ ಪ್ರಾಣಿ ಎಲ್ಲದ? ತೋರ್ಸು."

"ಇಲ್ಲಿಲ್ಲ ಅತ್ತೆ. ಕ್ಯಾಲಿಫೋರ್ನಿಯಾದಲ್ಲಿ ಅದನ್ನ ಸಾಕೋದು ಕಾನೂನಿಗೆ ವಿರುದ್ಧ."

ಅತ್ತೆ ಲೆಕ್ಕ ಹಾಕಿದರು. "ಅಂದ್ರ ಇಲ್ಲದ ಪ್ರಾಣಿ ಹುಡುಕೂದು ನಿನ್ನ ಕೆಲಸ. ಇರ್ಲಿ. ಪಗಾರ ಆದ್ರೂ ಖರೇ ಬರ್ತದಲ್ಲಾ?"

೨. ಎರಡು ಅಡಿ

ಅವರು ಕೇಳಿದ್ದು ಸುಮ್ಮನೆ ಅಲ್ಲ. ನಮ್ಮದು ನಾಲ್ಕು ಜನರ ಕಂಪನಿ. ಇಂಗ್ಲೆಂಡಿನಿಂದ ಒಬ್ಬ ಹಳೇ ಬೇಟೆಗಾರ ಬರುವವರಿದ್ದರು. ಈಗ ಅವರೇ ಅಲ್ಲಿನ ದೊಡ್ಡ ಡೀಲರ್. ಅವರು ಒಪ್ಪಿದರೆ ಆರ್ಡರು, ಒಪ್ಪದಿದ್ದರೆ ಆಫೀಸಿಗೆ ಬೀಗ, ನನ್ನ ನಾಲ್ಕು ವರ್ಷದ ದುಡಿಮೆ ಮಣ್ಣುಪಾಲು. ಹಾಗಾಗಿ ಶನಿವಾರವೂ ಬಿಡದೆ, ಹಿತ್ತಲಲ್ಲಿ ನನ್ನ ಗಂಡ ಹೂತಿಟ್ಟ ಕೊರಳಪಟ್ಟಿಯನ್ನು ಹುಡುಕುತ್ತಾ ರಿಸೀವರ್ ಹಿಡಿದು ಮೆಲ್ಲಗೆ ನಡೆಯುತ್ತಿದ್ದೆ.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ನಮ್ಮ ಕಡೆ ಅಂಗೈ ಮ್ಯಾಲ ತೆಂಗಿನಕಾಯಿ ಇಟ್ಕೊಂಡು ಹಿಂಗ ನಡೀತಾರ. ಎಷ್ಟಕ್ಕ ನೀರು ತೋರಸ್ತು?"

"ನೀರಲ್ಲ ಅತ್ತೆ, ಪಟ್ಟಿ. ಎರಡು ಅಡಿ."

"ಎರಡ ಅಡಿಗೆ? ನಮ್ಮ ಹೊಲದಾಗ ಆರನೂರು ಅಡಿ ಹೊಡಿಸಿದ್ರೂ ಬರೇ ಧೂಳು ಬಂತು."

ಗುದ್ದಲಿ ಹಾಕಿದೆ. ಒಂದಡಿ ಹೋಗುವಷ್ಟರಲ್ಲಿ ಸ್ಪ್ರಿಂಕ್ಲರ್ ಪೈಪು ಒಡೆದು ನೀರು ರಪ್ಪನೆ ನನ್ನ ಮುಖಕ್ಕೆ ಹೊಡೆಯಿತು. ಪಟ್ಟಿ ಸರಿಯಾಗಿ ಅದರ ಕೆಳಗೇ ಇತ್ತು, ಆದರೆ ಅದನ್ನು ಯಾರು ಕೇಳ್ತಾರೆ? ಅತ್ತೆ ಎರಡೂ ಕೈ ಮುಗಿದು ನಿಂತಿದ್ದರು. ಅವತ್ತು ಹುಬ್ಬಳ್ಳಿಗೆ ಫೋನು ಹೋಯಿತು. "ಸೊಸಿ ಎರಡ ಅಡಿ ಅಂದ್ಲು. ಒಂದ ಅಡಿಗೇ ಬಂತು ನೋಡು."

೩. ಆರೋಗ್ಯ

ಮುಂದಿನ ವಾರ ಆಫೀಸಿನ ಹಿಂದಿನ ಖಾಲಿ ಜಾಗದಲ್ಲಿ ಟೆಸ್ಟು. ಪಟ್ಟಿಯನ್ನು ರಿಮೋಟಿನ ಆಟದ ಕಾರಿಗೆ ಕಟ್ಟಿ, ಹೂತಿಟ್ಟ ಪೈಪಿನೊಳಗೆ ಓಡಿಸಿದೆವು. ಕಾರು ನಡುವೆ ಸಿಕ್ಕಿಹಾಕಿಕೊಂಡಿತು. ನಾನೂ ನಮ್ಮ ಓನರೂ ಅಗೆಯುತ್ತಿರುವುದನ್ನು ಯಾರೋ ನೋಡಿ ಫೋನು ಮಾಡಿರಬೇಕು, ಪ್ರಾಣಿ ಇಲಾಖೆಯ ಆಫೀಸರ್ ಒಬ್ಬರು ಬಂದು ನಿಂತರು.

"ಏನು ಮಾಡ್ತಿದೀರಿ?"

ಓನರ್ ಹರಿಶ್ಚಂದ್ರನ ಮೊಮ್ಮಗ. "ಫೆರೆಟ್ ಹುಡುಕೋ ಯಂತ್ರದ ಟೆಸ್ಟು" ಅಂದುಬಿಟ್ಟರು.

"ಫೆರೆಟ್ ಎಲ್ಲಿ?"

"ಇಲ್ಲ."

"ತಪ್ಪಿಸಿಕೊಂಡಿತಾ?"

"ಇರಲೇ ಇಲ್ಲ."

"ಹಾಗಾದರೆ ನೀವು ಅಗೆದು ತೆಗೀತಿರೋದು ಯಾರನ್ನ?"

ನಾನು ಇನ್ನೆರಡು ಗುದ್ದಲಿ ಮಣ್ಣು ತೆಗೆದು, ಕೊರಳಪಟ್ಟಿ ತೊಟ್ಟ ಕೆಂಪು ಕಾರನ್ನು ಎತ್ತಿ ತೋರಿಸಿದೆ. ಆಫೀಸರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಆದರೂ ಬಂದ ಮೇಲೆ ಫಾರಂ ತುಂಬಬೇಕಲ್ಲ. ಅವರ ಭುಜದ ಮೇಲಿಂದ ಇಣುಕಿದೆ. ಪ್ರಾಣಿ: ಇಲ್ಲ. ಆರೋಗ್ಯ: ಚೆನ್ನಾಗಿದೆ.

೪. ಜೀವ ಇರಬೇಕು

ಕೊನೆಗೂ ಡೀಲರ್ ತಾತ ಬಂದರು. ಎಪ್ಪತ್ತು ದಾಟಿದ ವಯಸ್ಸು, ಮಾತು ಕಡಿಮೆ. ಊರಾಚೆ ಗುಡ್ಡದಲ್ಲಿರುವ, ಓನರ್ ಸ್ನೇಹಿತರ ದನದ ಫಾರ್ಮಿಗೆ ಕರೆದುಕೊಂಡು ಹೋದೆವು. ನೆಲದೊಳಗೆ ವಾಸಿಸುವ ಅಳಿಲುಗಳ ಬಿಲಗಳು ಅಲ್ಲಿ ತುಂಬಾ. ಪಟ್ಟಿ ಹೂತಿಟ್ಟು ಹುಡುಕಿ ತೋರಿಸ್ತೀವಿ ಅಂದಾಗ ತಾತ ಮುಖ ಸಿಂಡರಿಸಿದರು.

"ಹೂತ ಪಟ್ಟಿ ಯಾರು ಬೇಕಾದರೂ ಹುಡುಕ್ತಾರೆ. ಒಳಗೆ ಜೀವ ಇರಬೇಕು. ಅಲುಗಾಡಬೇಕು, ಮಣ್ಣು ಒದೀಬೇಕು. ಅದನ್ನ ನೋಡದೆ ನಾನು ಆರ್ಡರ್ ಕೊಡಲ್ಲ."

ಓನರ್ ಕಾನೂನು ಹೇಳಿದರು. "ಅದು ನಿಮ್ಮ ಕಷ್ಟ" ಅಂದರು ತಾತ. ಆದರೂ ಇಷ್ಟು ದೂರ ಬಂದದ್ದಕ್ಕೆ, ನಮ್ಮನ್ನು ಆ ಕಡೆ ತಿರುಗಿಸಿ ನಿಲ್ಲಿಸಿ, ಒಂದು ಪಟ್ಟಿಯನ್ನು ಯಾವುದೋ ಬಿಲದೊಳಗೆ ಕೋಲಿನಿಂದ ತಳ್ಳಿ ಬಂದರು.

"ಐದೇ ನಿಮಿಷ" ಅಂದೆ ನಾನು.

ರಿಸೀವರ್ ಆನ್ ಮಾಡಿದ ತಕ್ಷಣ ಟಿಕ್ ಟಿಕ್. ಆಳ ಎರಡು ಅಡಿ. ಅಗೆದೆ. ಇಲ್ಲ. ಮತ್ತೆ ನೋಡಿದರೆ ಇನ್ನೂ ಎರಡು ಅಡಿ ಕೆಳಗೆ. "ಮಣ್ಣು ಸಡಿಲ, ಪಟ್ಟಿ ಜಾರ್ತಿದೆ" ಅಂತ ತಾತನಿಗೆ ವಿವರಿಸಿದೆ. ಗುಂಡಿಗಿಳಿದು ಅಗೆದೆ. ಸೊಂಟದ ಮಟ್ಟ ಆಯಿತು, ಆಗಲೂ ಎರಡು ಅಡಿ. ಓನರ್ ಮುಖ ಒಣಗುತ್ತಿತ್ತು. ನಾನು ಮಾತ್ರ ಅಗೆಯುತ್ತಲೇ ನಮ್ಮ ಯಂತ್ರ ಹೇಗೆ ಸುಳ್ಳೇ ಹೇಳಲ್ಲ, ಬ್ಯಾಟರಿ ಎಷ್ಟು ಬಾಳಿಕೆ, ಎಲ್ಲಾ ಹೇಳುತ್ತಿದ್ದೆ. ಎದೆಮಟ್ಟ ಆಯಿತು.

"ಅದನ್ನ ಇಲ್ಲಿ ಕೊಡು" ಅಂದರು ತಾತ. ರಿಸೀವರ್ ತಗೊಂಡು ಮೂವತ್ತು ಹೆಜ್ಜೆ ಹಿಂದೆ ಹೋಗಿ, ಸದ್ದು ಹಿಡಿದು ನೆಟ್ಟಗೆ ಗುಂಡಿಯ ಅಂಚಿಗೇ ಬಂದು, ಬಗ್ಗಿ ಯಂತ್ರವನ್ನು ನನ್ನ ಮಂಡಿಯ ಕಡೆ ತಿರುಗಿಸಿದರು. "ಜೇಬು ನೋಡ್ಕೋ."

ಪ್ಯಾಂಟಿನ ಮಂಡಿಜೇಬಿನಲ್ಲಿ ಬೆಳಿಗ್ಗೆ ಹಾಕಿಕೊಂಡಿದ್ದ ಸ್ಪೇರ್ ಪಟ್ಟಿ. ಆನ್ ಆಗಿಯೇ ಇತ್ತು. ರಿಸೀವರ್ ಹಿಡಿದ ಕೈಯಿಂದ ಮಂಡಿಗೆ ಸರಿಯಾಗಿ ಎರಡು ಅಡಿ.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಎದೆಮಟ್ಟದವರೆಗೆ ಆ ಕೆಲಸ ನಾನೇ ಮಾಡಿ ಮುಗಿಸಿದ್ದೆ. ಕಂಪನಿ ಹೋಯಿತು, ಎಲ್ಲಾ ನನ್ನಿಂದಲೇ ಹೋಯಿತು ಅಂತ ಕಣ್ಣು ತುಂಬಿಬಂತು.

ತಾತ ಓನರ್ ಕಡೆ ತಿರುಗಿದರು. "ಒಳಗೆ ಜೀವ ಇದೆ. ಅಲುಗಾಡ್ತಿದೆ, ಮಣ್ಣೂ ಒದೀತು. ಜಾಗ ಸರಿ, ಆಳ ಸರಿ. ಆರ್ಡರ್ ಬರ್ಕೊಳ್ಳಿ."

ಆಮೇಲೆ ನನ್ನ ಕೈ ಹಿಡಿದು ಮೇಲೆಳೆಯುತ್ತಾ ಅಂದರು, "ಒಂದೇ ವ್ಯತ್ಯಾಸ. ನಮ್ಮ ಫೆರೆಟ್ಟುಗಳು ಇಷ್ಟು ಮಾತಾಡಲ್ಲ."