ಒಲಿಂಡಾ ಕೂರುತ್ತಿದ್ದ ಬಂಡೆ

ಬಕೆಟ್ಟಿಗೆ ಕೈ ಹಾಕಿದ್ದೇ ತಡ, ಏಡಿಯೊಂದು ಅನಿಬಾಲನ ಹೆಬ್ಬೆರಳನ್ನು ಕಚ್ಚಿ ಹಿಡಿಯಿತು. ಎಷ್ಟು ಕೊಡವಿದರೂ ಹಬ್ಬಕ್ಕೆ ಬಂದ ನೆಂಟನಂತೆ ಹೊರಡುವ ಮಾತೇ ಇಲ್ಲ.

"ಕೈನ ನೀರಲ್ಲಿ ಅದ್ದಯ್ಯಾ, ತಾನೇ ಬಿಡುತ್ತೆ!" ಪಕ್ಕದ ಬಂಡೆಯಿಂದ ಝೆಫೆರಿನೊ ಕೂಗಿದ.

"ಗೊತ್ತು, ಗೊತ್ತು! ನಾನೂ ಅಸೋರಿಸ್ ದ್ವೀಪದವನೇ," ಎಂದ ಅನಿಬಾಲ್, ಏನೂ ಗೊತ್ತಿಲ್ಲದೆ.

ಹುಟ್ಟಿದ್ದು ಪೋರ್ಚುಗಲ್ಲಿನ ಆ ದ್ವೀಪದಲ್ಲಾದರೂ ಅವನು ಅಮೆರಿಕದ ಫಾಲ್ ರಿವರ್ ಊರಿನಲ್ಲಿ ಜೀವಮಾನವಿಡೀ ಕ್ಷೌರದಂಗಡಿ ನಡೆಸಿದವನು. ಗಾಳ ಹಿಡಿದವನಲ್ಲ. ನ್ಯೂಪೋರ್ಟಿನಾಚೆಯ ಈ ಕಡಲಂಚಿನ ಬಂಡೆಗಳಿಗೆ ಬರುತ್ತಿದ್ದವಳು ಅವನ ಹೆಂಡತಿ ಒಲಿಂಡಾ. ಎಲೆ ಉದುರುವ ಕಾಲ ಬಂತೆಂದರೆ ಭಾನುವಾರದ ಪೂಜೆ ಮುಗಿಸಿ ಒಬ್ಬಳೇ ಹೊರಟುಬಿಡುವಳು; ಸಂಜೆ ಬುಟ್ಟಿಯಲ್ಲೊಂದು ದಪ್ಪ ತುಟಿಯ ಕಪ್ಪುಮೀನು. ಆಲೂಗಡ್ಡೆ, ಬೆಳ್ಳುಳ್ಳಿ, ಬಿಳಿ ವೈನು ಹಾಕಿ ಸಾರು ಮಾಡುವಳು. ಒಲಿಂಡಾ ಬಲು ಮಿತಭಾಷಿ. ಹಾಗೆಂದು ಅನಿಬಾಲನೇ ಎಲ್ಲರಿಗೂ ಹೇಳುತ್ತಿದ್ದ, ಅವಳೆದುರಿಗೇ, ಗಂಟೆಗಟ್ಟಲೆ.

ವಸಂತದಲ್ಲಿ ಅವಳು ತೀರಿಕೊಂಡಳು. ಇಂದು ಅವಳ ಹುಟ್ಟುಹಬ್ಬ. ಅವಳ ಮೀನು ತಾನೇ ಹಿಡಿದು, ಅವಳ ಸಾರು ತಾನೇ ಮಾಡಿ, ಅವಳ ಕುರ್ಚಿಯೆದುರು ಒಂದು ಬಟ್ಟಲು ಇಡುತ್ತೇನೆಂದು ಅವನು ನಿಶ್ಚಯಿಸಿದ್ದ. ಮನೆಯೆಲ್ಲ ತಡಕಿದರೂ ಅವಳ ಗಾಳ ಸಿಗಲಿಲ್ಲ. ನೆರೆಯವನಿಂದ ಎರವಲು ತಂದಿದ್ದ.

ಅಂತೂ ಏಡಿಯನ್ನು ಎರಡು ಹೋಳು ಮಾಡಿ ಕೊಕ್ಕೆಗೆ ಸಿಕ್ಕಿಸಿ ಎಸೆದ. ಕೂಡಲೇ ದಾರದಲ್ಲಿ ಟಕ್ಕೆಂದಿತು.

"ಎಳಿ!" ಎಂದ ಝೆಫೆರಿನೊ.

"ಎಳೀಬೇಡ! ಅದಿನ್ನೂ ರುಚಿ ನೋಡ್ತಿದೆ. ಎರಡನೇ ಸಲ ಕಚ್ಚಲಿ," ಎಂದಳು ಮೇಲಿನ ಬಂಡೆಯ ಕ್ಯಾಸಿಲ್ಡಾ ಮುದುಕಿ.

"ನೀನು ಎರಡನೇದಕ್ಕೆ ಕಾದು ಕಾದೇ ಮದುವೆ ಆಗದೆ ಉಳಿದೆ!"

"ಮೊದಲನೇದಕ್ಕೇ ಎಳೆದಿದ್ರೆ ನೀನು ಸಿಕ್ಕಿರ್ತಿದ್ದೆ. ದೇವರು ದೊಡ್ಡವನು!"

ಇವರ ಜಗಳ ಮುಗಿಯುವಷ್ಟರಲ್ಲಿ ಮೀನು ಏಡಿಯನ್ನು ತಿಂದು, ಬರಿಯ ಕೊಕ್ಕೆ ಬಿಟ್ಟುಹೋಗಿತ್ತು. ಮುಂದಿನ ಸಲ ಅನಿಬಾಲ್ ಯಾರ ಮಾತಿಗೂ ಕಾಯದೆ ಎಳೆದ. ಕೋಲು ಬಿಲ್ಲಿನಂತೆ ಬಾಗಿತು.

"ಸಿಕ್ತು! ನೋಡಿ, ಆನೆಯಂಥಾ ಮೀನು!"

"ಅದು ಮೀನಲ್ಲ ಮಾರಾಯಾ, ಅಮೆರಿಕ ದೇಶ. ಬಂಡೆಗೆ ಸಿಕ್ಕಿಹಾಕ್ಕೊಂಡಿದೆ," ಎಂದ ಝೆಫೆರಿನೊ.

ಅನಿಬಾಲ್ ಒಪ್ಪಲಿಲ್ಲ. ಕಾಲು ಊರಿ ಇನ್ನೂ ಬಲವಾಗಿ ಜಗ್ಗಿದ. ದಾರ ಪಟ್ಟೆಂದು ಹರಿಯಿತು. ಅವನು ಹಿಂದಕ್ಕೆ ವಾಲಿ, ಪಾಚಿಯ ಮೇಲೆ ಕಾಲಿಟ್ಟು, ಸಾಬೂನಿನ ತುಂಡಿನಂತೆ ಜಾರಿ ಎದೆಮಟ್ಟದ ನೀರಿಗೆ ಬಿದ್ದ. ಎರವಲು ಗಾಳ ಅಲೆಯ ಪಾಲಾಯಿತು. ಝೆಫೆರಿನೊ ಸೊಂಟದ ಬೆಲ್ಟು ಹಿಡಿದು ಅವನನ್ನು ಮೇಲಕ್ಕೆಳೆದ.

ಕ್ಯಾಸಿಲ್ಡಾ ತನ್ನ ಸ್ವೆಟರು ಹೊದೆಸಿ, ಬ್ರಾಂದಿ ಬೆರೆಸಿದ ಕಾಫಿ ಕೊಟ್ಟಳು. ಹಲ್ಲು ಕಟಕಟಿಸುತ್ತಿದ್ದುದರಿಂದ ಅನಿಬಾಲನ ಬಾಯಿ ಅಂದು ಮೊದಲ ಬಾರಿಗೆ ಮುಚ್ಚಿತ್ತು.

"ಹೋದ ವರ್ಷ ಒಲಿಂಡಕ್ಕ ಇಲ್ಲೇ ಹೀಗೇ ಬಿದ್ದಿದ್ಲು," ಎಂದಳು ಕ್ಯಾಸಿಲ್ಡಾ. "ಮೇಲೆತ್ತೋಕೆ ಹೋದ್ರೆ, 'ತಾಳ್ರೋ, ಮೀನಿಗೊಂದು ಕತೆ ಹೇಳ್ತಿದೀನಿ' ಅಂದ್ಲು! ನಕ್ಕೂ ನಕ್ಕೂ ನನ್ನ ಹಲ್ಲಿನ ಸೆಟ್ಟೇ ಕಳಚಿ ಬಿತ್ತು."

ಅನಿಬಾಲ್ ಕಾಫಿ ಲೋಟ ಕೆಳಗಿಟ್ಟ. "ಯಾವ ಒಲಿಂಡಾ?"

"ಫಾಲ್ ರಿವರ್‌ನವಳು. ಆ ಮಾತು, ಆ ಹಾಡು! ಅವಳು ಬಂದ್ರೆ ಈ ಬಂಡೆಗೂ ಭಾನುವಾರ."

"ಮೀನು... ಚೆನ್ನಾಗಿ ಹಿಡೀತಿದ್ಲಾ?"

"ಅವಳೆಲ್ಲಿ ಹಿಡೀತಾಳೆ! ಗಾಳ ಮುಟ್ಟಿದವಳೇ ಅಲ್ಲ," ಎಂದ ಝೆಫೆರಿನೊ. "ಮಾತಾಡೋಕೆ ಬರ್ತಿದ್ಲು. ಹೋಗೋವಾಗ ನಾವೇ ಒಂದು ಮೀನು ಕೊಡ್ತಿದ್ವಿ. ಇಲ್ದಿದ್ರೆ ಮನೇಲಿ ಏನು ಹೇಳ್ತಾಳೆ? ಗಂಡ ಕ್ಷೌರದವನಂತೆ. ಬಾಯಿಗೆ ಬೀಗಾನೇ ಇಲ್ಲ. 'ಒಳ್ಳೇ ಮನುಷ್ಯ ಕಣ್ರೋ, ಆದ್ರೆ ನಲವತ್ತು ವರ್ಷದಿಂದ ನನ್ನ ಸರದಿ ಬರ್ಲಿ ಅಂತ ಕಾಯ್ತಿದೀನಿ' ಅನ್ನೋಳು."

ಅನಿಬಾಲ್ ಸಮುದ್ರ ನೋಡಿದ. ಹಾಡುವ ಒಲಿಂಡಾಳನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಬರಲಿಲ್ಲ. ಅವಳು ಏನು ಹಾಡುತ್ತಿದ್ದಳೆಂದು ಕೇಳಬೇಕೆನಿಸಿತು. ಕೇಳಿದರೆ ತಾನು ಯಾರೆಂದು ಹೇಳಬೇಕಾಗುತ್ತಿತ್ತು.

"ಈ ವರ್ಷ ಬರ್ಲೇ ಇಲ್ಲ. ನಿಂಗೆ ಗೊತ್ತಾ ಅವಳು?" ಕ್ಯಾಸಿಲ್ಡಾ ಕೇಳಿದಳು.

"ನಮ್ಮ ಬೀದಿಯವರೇ," ಎಂದ ಅನಿಬಾಲ್. "ವಸಂತದಲ್ಲಿ ತೀರಿಕೊಂಡ್ರು."

ಕ್ಯಾಸಿಲ್ಡಾ ಶಿಲುಬೆಯ ಗುರುತು ಮಾಡಿಕೊಂಡಳು. ಝೆಫೆರಿನೊ ಟೊಪ್ಪಿಗೆ ತೆಗೆದ. ಆಮೇಲೆ ಝೆಫೆರಿನೊ ತನ್ನ ಬುಟ್ಟಿಯಲ್ಲಿದ್ದ ದೊಡ್ಡ ಕಪ್ಪುಮೀನನ್ನು ತೆಗೆದು ಅನಿಬಾಲನ ಬಕೆಟ್ಟಿಗೆ ಹಾಕಿದ.

"ತಗೊಂಡು ಹೋಗಿ ಅವಳ ಗಂಡನಿಗೆ ಕೊಡು, ಪಾಪ. ಈಗ ಯಾರ ಹತ್ರ ಮಾತಾಡ್ತಾನೋ."

ಆ ಮೀನನ್ನು ಹೇಗೆ ತೆಗೆದುಕೊಳ್ಳಬೇಕೆಂದು ಅನಿಬಾಲನಿಗೆ ತೋಚಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಅವನೂ ಹೋದ. ಅವಳ ಹಿಂದೆಯೇ."

"ಅಯ್ಯೋ ದೇವರೇ!" ಝೆಫೆರಿನೊ ಎದೆ ಹಿಡಿದುಕೊಂಡ. ಅವನ ಕಣ್ಣು ನಿಜಕ್ಕೂ ತೇವವಾಗಿತ್ತು. "ಹಿಂದೆಯೇ ಹೋದ್ನಾ? ಅಲ್ಲಾದ್ರೂ ಅವಳು ನಾಲ್ಕು ದಿನ ನೆಮ್ಮದಿಯಾಗಿ ಮಾತಾಡ್ಕೊಂಡಿರ್ಲಿ ಅಂತ ಬಿಡಬಾರದಿತ್ತಾ ಆ ಮನುಷ್ಯ!"